ಹಕ್ಕು ಕೊಟ್ಟಿದ್ದು ಸಂವಿಧಾನ, ಜಾರಿ ಮಾಡಬೇಕಾದ್ದು ರಾಜ್ಯ. ಮಧ್ಯೆ ಸಿಕ್ಕಿಕೊಂಡವರು ಯಾರನ್ನ ಕೇಳಬೇಕು?

ಬಯಲುಸೀಮೆ:
ತೆರಿಗೆ ಪಾಲು, ಹಿಂದಿ ಹೇರಿಕೆ, ಕ್ಷೇತ್ರ ಮರುವಿಂಗಡಣೆ, ಯಾವ ವಿಷಯ ಬಂದರೂ ಇಲ್ಲಿ ನಾನು ರಾಜ್ಯಗಳ ಪರವೇ ಬರೆದವನು. ಈಗಲೂ ಅದೇ ನಿಲುವು. ಆದರೆ "ಅಧಿಕಾರ ರಾಜ್ಯಕ್ಕೆ ಬಂದರೆ ಜನರ ಹಕ್ಕೂ ತಾನಾಗಿ ಭದ್ರ ಆಗುತ್ತೆ" ಅನ್ನೋ ಮಾತು ಇಲ್ಲಿ ಪದೇ ಪದೇ ಓಡಾಡ್ತಿದೆ. ಅದು ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ.

ಮಲ ಹೊರುವ ಪದ್ಧತಿಯನ್ನೇ ನೋಡಿ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು 1950ರಲ್ಲಿ. ಒಣ ಕಕ್ಕಸು ಕಟ್ಟೋದು, ಅದನ್ನ ಇನ್ನೊಬ್ಬರ ಕೈಯಲ್ಲಿ ಬಳಿಸೋದು ಅಪರಾಧ ಅಂತ ಸಂಸತ್ತು ಕಾಯ್ದೆ ಮಾಡಿದ್ದು 1993ರಲ್ಲಿ. ಅದೂ ನೇರವಾಗಿ ಅಲ್ಲ. ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ ರಾಜ್ಯ ಪಟ್ಟಿಯ (ರಾಜ್ಯಗಳೇ ಕಾಯ್ದೆ ಮಾಡಬೇಕಾದ ವಿಷಯಗಳ ಪಟ್ಟಿ) 6ನೇ ನಮೂದು, ನಮಗೆ ಅಧಿಕಾರ ಇಲ್ಲ ಅಂತ ದೆಹಲಿ 252ನೇ ವಿಧಿಯ ದಾರಿ ಹಿಡಿಯಿತು. ಅಂದರೆ ಕೆಲವು ರಾಜ್ಯಗಳ ಶಾಸನಸಭೆಗಳು "ನಮ್ಮ ಪರವಾಗಿ ನೀವೇ ಕಾಯ್ದೆ ಮಾಡಿ" ಅಂತ ನಿರ್ಣಯ ಕಳಿಸಬೇಕು. ಆರು ರಾಜ್ಯಗಳು ಕಳಿಸಿದವು: ಆಂಧ್ರಪ್ರದೇಶ, ಗೋವಾ, ಕರ್ನಾಟಕ, ಮಹಾರಾಷ್ಟ್ರ, ತ್ರಿಪುರಾ, ಪಶ್ಚಿಮ ಬಂಗಾಳ. ಕಾಯ್ದೆ ಮೊದಲಿಗೆ ಅನ್ವಯ ಆಗಿದ್ದು ಈ ಆರಕ್ಕೆ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಮಾತ್ರ, ಅದೂ 1997ರ ಜನವರಿ 26ರಿಂದ. ಉಳಿದ ರಾಜ್ಯಗಳಿಗೆ, ಮನಸ್ಸು ಬಂದಾಗ ಅಂಗೀಕಾರ ಮಾಡಿಕೊಳ್ಳಿ ಅಂತ.

ಮನಸ್ಸು ಬಂದಾಗ! ತಲೆ ಮೇಲೆ ಮಲದ ಬುಟ್ಟಿ ಹೊತ್ತ ಹೆಂಗಸಿನ ಘನತೆ ಮೂಲಭೂತ ಹಕ್ಕೋ, ಇಲ್ಲಾ ರಾಜ್ಯ ಸಂಪುಟದ ಮುಂದಿನ ಕಾರ್ಯಸೂಚಿಯ ಒಂದು ಬಾಬೋ? ಚರ್ಚೆ ಆಗಲಿ.

ಏಕೀಕರಣ56:
ಒಳ್ಳೇ ಸಮಯ ನೋಡಿ ಕೊಡಲಿ ತಂದಿದ್ದೀರಿ ಸಾರ್. ಕೇಂದ್ರಕ್ಕೆ ಕೊಟ್ಟಿದ್ದರೆ ಹಕ್ಕು ಉಳೀತಿತ್ತಾ? ತುರ್ತು ಪರಿಸ್ಥಿತಿಯ 1975ರ ಜೂನ್ 26 ನೆನಪು ಮಾಡಿಕೊಳ್ಳಿ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರನ್ನೆಲ್ಲ ಹಿಡಿದು ಹಾಕಿದ್ದು ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲಿಗೆ. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಲ್ಲಿ ಅಸ್ತಮಾದಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಹೋದರು. ಬಂಧಿತರ ಅರ್ಜಿಯನ್ನ ಕೇಳ್ತೀವಿ ಅಂದಿದ್ದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು. ಅದೆಲ್ಲ ಆಗಲ್ಲ ಅಂತ 1976ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿದ್ದು ದೆಹಲಿಯ ಸುಪ್ರೀಂ ಕೋರ್ಟು, ನಾಲ್ಕು ಒಂದರ ಬಹುಮತದಲ್ಲಿ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಬೇರೆ ನಿಂತರು. ಆಗ ದೇಶದಲ್ಲಿ ಸ್ವಲ್ಪ ಉಸಿರಾಡೋ ಜಾಗ ಇದ್ದದ್ದು ಎಲ್ಲಿ? ತಮಿಳುನಾಡಿನಲ್ಲಿ. ಅಲ್ಲಿ ಬೇರೆ ಪಕ್ಷದ ಸರ್ಕಾರ ಇತ್ತು. ಅದಕ್ಕೇ 1976ರ ಜನವರಿ 31ಕ್ಕೆ ಅದನ್ನ ವಜಾ ಮಾಡಿದರು.

ಒಕ್ಕೂಟ ಗಟ್ಟಿಯಾಗಿದ್ದಿದ್ದರೆ ಆ ವಜಾ ಆಗುತ್ತಿರಲಿಲ್ಲ. ಆಮೇಲೆ ಅದನ್ನ ಗಟ್ಟಿ ಮಾಡಿದ್ದೂ ನಮ್ಮವರೇ. 1989ರಲ್ಲಿ ವಜಾ ಆದ ನಮ್ಮ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೋರ್ಟಿಗೆ ಹೋದರು, 1994ರಲ್ಲಿ ಒಂಬತ್ತು ಜನರ ಪೀಠ, ರಾಜ್ಯ ಸರ್ಕಾರಗಳನ್ನ ವಜಾ ಮಾಡೋಕೆ ಬಳಸೋ 356ನೇ ವಿಧಿಗೆ ಮೂಗುದಾರ ಹಾಕಿತು.

ಬಯಲುಸೀಮೆ:
ಏಕೀಕರಣ56 ಅವರೇ, ನೀವು ಕೊಟ್ಟ ಉದಾಹರಣೆಯನ್ನೇ ಇನ್ನೊಂದು ಸಲ ನೋಡೋಣ. ಬೆಂಗಳೂರಲ್ಲಿ ಅವರನ್ನ ಹಿಡಿದ ಪೊಲೀಸರು ಯಾರ ಪೊಲೀಸರು? ಜೈಲು ಯಾರ ಇಲಾಖೆಯದು? ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ಕಾರಾಗೃಹ ಮೂರೂ ರಾಜ್ಯ ಪಟ್ಟಿ. ದೆಹಲಿಯಿಂದ ಫೋನ್ ಬಂತು, ಇಲ್ಲಿ ಕೈಕೋಳ ಬಿತ್ತು. ವಿಧಾನಸೌಧದಲ್ಲಿ ಅದೇ ಪಕ್ಷ ಇದ್ದಾಗ ಒಕ್ಕೂಟದ ಗೋಡೆ ಎಲ್ಲಿಂದ ಬರಬೇಕು? ತಮಿಳುನಾಡಿನಲ್ಲಿ ಜನರನ್ನ ಕಾಪಾಡಿದ್ದು ಬೇರೆ ಪಕ್ಷ. ಕೇಂದ್ರ, ರಾಜ್ಯಗಳಿಗೆ ಅಧಿಕಾರ ಹಂಚೋ ಏಳನೇ ಅನುಸೂಚಿ ಎರಡೂ ಕಡೆ ಒಂದೇ ಇತ್ತಲ್ಲ.

ಕರಿಕೋಟು:
ವಕೀಲಿಕೆ ಹೊಟ್ಟೆಪಾಡು, ಅದಕ್ಕೆ ಎರಡು ಮಾತು.

ಸಂವಿಧಾನ ಬರೆದವರಿಗೆ ಈ ಅನುಮಾನ ಮೊದಲೇ ಇತ್ತು. 35ನೇ ವಿಧಿಯನ್ನ ಕಾಲೇಜಲ್ಲಿ ಯಾರೂ ಗಮನ ಕೊಟ್ಟು ಓದಲ್ಲ. ಜಮ್ಮು ಕಾಶ್ಮೀರದ 35ಎ ಗಲಾಟೆಯಲ್ಲಿ ಅದರ ಅಣ್ಣನನ್ನೇ ಮರೆತಿದ್ದೀವಿ. ಮೂಲಭೂತ ಹಕ್ಕುಗಳ ಭಾಗದಲ್ಲಿ ಯಾವುದನ್ನ ಅಪರಾಧ ಅಂತ ಘೋಷಿಸಲಾಗಿದೆಯೋ (ಅಸ್ಪೃಶ್ಯತೆ, ಬಿಟ್ಟಿ ಚಾಕರಿ) ಅದಕ್ಕೆ ಶಿಕ್ಷೆ ಗೊತ್ತುಮಾಡುವ ಕಾಯ್ದೆ ಮಾಡೋ ಅಧಿಕಾರ ಸಂಸತ್ತಿಗೆ ಮಾತ್ರ, ರಾಜ್ಯ ಶಾಸಕಾಂಗಕ್ಕೆ ಇಲ್ಲ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಅಸ್ಪೃಶ್ಯತೆ ನಡೆಯೋದು ಊರಲ್ಲಿ. ಅದರ ಶಿಕ್ಷೆಯನ್ನ ಆ ಊರಿನ ಬಲಾಢ್ಯರೇ ತುಂಬಿಕೊಂಡ ವಿಧಾನಸಭೆಗೆ ಬಿಡಬಾರದು ಅನ್ನೋದೇ ಇದರ ಹಿಂದಿನ ಲೆಕ್ಕ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂದದ್ದು ಈ ದಾರಿಯಲ್ಲೇ. 1976ರಲ್ಲಿ ಅದನ್ನ ತಿದ್ದಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಿಟ್ಟಾಗ, ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರಿಂದ ಬಲವಂತವಾಗಿ ಕಕ್ಕಸು ಬಳಿಸೋದು, ಕಸ ಗುಡಿಸಿಸೋದು ಶಿಕ್ಷಾರ್ಹ ಅಂತ 7ಎ ಸೇರಿಸಿದರು. ಅದು ಇಡೀ ದೇಶಕ್ಕೆ. ಯಾವ ರಾಜ್ಯದ ನಿರ್ಣಯವೂ ಬೇಕಿರಲಿಲ್ಲ.

ಹಾಗಾದರೆ 1993ರಲ್ಲಿ ಯಾಕೆ 252? ಕಕ್ಕಸಿನ ವಿಷಯವನ್ನ ಕಕ್ಕಸು ಅಂತ ನೋಡಿದರು, ಅದಕ್ಕೆ. ಜಾತಿ ಅಂತ ನೋಡಿದ್ದರೆ ಸಂಸತ್ತಿನ ಕೈಯಲ್ಲೇ ಇತ್ತು. ನೈರ್ಮಲ್ಯ ಅಂತ ನೋಡಿದ ಕೂಡಲೇ ರಾಜ್ಯ ಪಟ್ಟಿಗೆ ಜಾರಿತು. ಯಾವ ಪಟ್ಟಿ ಅನ್ನೋದು ತೀರ್ಮಾನ ಆದ ಹೊತ್ತಿಗೇ ಆ ಹೆಂಗಸಿನ ಹಕ್ಕಿನ ತೀರ್ಮಾನವೂ ಆಗಿಹೋಗಿತ್ತು.

ಆ ಕಾಯ್ದೆಯ ಒಳಗೂ ಒಂದು ಬೀಗ ಇತ್ತು. ಶಿಕ್ಷೆ ಒಂದು ವರ್ಷ ಜೈಲು ಅಥವಾ 2,000 ರೂಪಾಯಿ ದಂಡ, ಇಲ್ಲಾ ಎರಡೂ. ಮೊಕದ್ದಮೆ ಹೂಡಬೇಕಾದರೆ ರಾಜ್ಯ ಸರ್ಕಾರ ನೇಮಿಸಿದ ಕಾರ್ಯನಿರ್ವಾಹಕ ಪ್ರಾಧಿಕಾರದ, ಅಂದರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ದರ್ಜೆಯವರ, ಪೂರ್ವಾನುಮತಿ ಬೇಕು. ಬಳಿಸಿಕೊಳ್ಳುತ್ತಿದ್ದದ್ದು ಎಷ್ಟೋ ಕಡೆ ಸರ್ಕಾರದ್ದೇ ಸಂಸ್ಥೆ. ಅನುಮತಿ ಕೊಡಬೇಕಾದ್ದೂ ಸರ್ಕಾರವೇ.

ಕೃಷ್ಣಾತೀರ:
ನೀವೆಲ್ಲಾ ದೊಡ್ಡ ದೊಡ್ಡ ಕೇಸ್ ಹೇಳಾಕತ್ತೀರಿ, ನಮ್ಮ ಮನಿ ಕೇಸ್ ಕೇಳ್ರಿ. ಬಾಗಲಕೋಟಿ ಕಡೆಯವರು ನಾವು. ಅಕ್ಕನ ಲಗ್ನ ಆಗಿದ್ದು 1991ರಾಗ. ನಂದು 1996ರಾಗ. ಹಿರಿಯರ ಆಸ್ತಿ ಒಂದ, ಅಪ್ಪ ಒಬ್ಬರ, ಹಡದಾಕಿ ಒಬ್ಬಾಕಿ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ಜಾರಿ ಆಗಿದ್ದು 1994ರ ಜುಲೈ 30ಕ್ಕ. ಅದು ಹೆಣ್ಮಕ್ಕಳಿಗೆ ಹುಟ್ಟಿನಿಂದನ ಗಂಡಮಕ್ಕಳ ಸಮ ಪಾಲು ಕೊಟ್ತು. ಆದ್ರ ಅದಕ್ಕಿಂತ ಮೊದಲ ಲಗ್ನ ಆದವರಿಗೆ ಇಲ್ಲ ಅಂತು. ಹಿಂಗಾಗಿ ನಾ ಪಾಲುದಾರಳು, ನಮ್ಮಕ್ಕ ಪರಾಯಿ. ವಾಟ್ನಿ (ಆಸ್ತಿ ಪಾಲು) ಮಾಡೂ ಮುಂದ ನನ್ನ ಕಡೆಯಿಂದ ಹಕ್ಕು ಬಿಟ್ಟ ಕಾಗದಕ್ಕ ಸಹಿ ಬೇಕಾತು, ಸೀರಿ ಕುಪ್ಪಸ ಇಟ್ಟು ಕರದ್ರು. ಅಕ್ಕನ್ನ ಕರಿಲೇ ಇಲ್ಲ. ಆಕಿ ಸಹಿನೂ ಬೇಕಾಗಿಲ್ಲ ಅಂದ್ರು. ಸಹಿ ಬೇಡ ಅನ್ನೂದು ಎಂಥಾ ಅವಮಾನ ಅಂತ ಅವತ್ತ ಆಕಿ ಮಾರಿ ನೋಡಿದ್ರ ತಿಳಿತಿತ್ತು. (ನಾ ಸಹಿ ಮಾಡಲಿಲ್ಲ. ಅದು ಬ್ಯಾರೆ ಕಥಿ.)

ಕೇಂದ್ರದವರು 2005ರ ಸೆಪ್ಟೆಂಬರ್ 9ಕ್ಕ ತಿದ್ದುಪಡಿ ತಂದಾಗ ಈ ಲಗ್ನದ ಅಡ್ಡಗೋಡೆ ಹೋತು. ಅಪ್ಪ ಅವತ್ತ ಜೀವಂತ ಇರಬೇಕಿತ್ತೋ ಇಲ್ಲೋ ಅನ್ನೂ ಜಗಳ 2020ರ ಆಗಸ್ಟ್‌ನಾಗ ಸುಪ್ರೀಂ ಕೋರ್ಟ್ ತೀರ್ಪು ಕೊಡೂತನಕ ನಡೀತು. ಸಮಾನತೆ 14ನೇ ವಿಧಿಯೊಳಗ 1950ರಿಂದನ ಕುಂತೈತಿ. ನಮ್ಮಕ್ಕನ ಹೆಸರು ಉತಾರದಾಗ (ಪಹಣಿಯೊಳಗ) ಬರಾಕ ಯಾವ ರಾಜ್ಯದಾಗ ಹುಟ್ಟೀ, ಯಾವ ವರ್ಷ ಲಗ್ನ ಆದಿ ಅಂತ ಕೇಳಿದ್ರು.

ಏಕೀಕರಣ56:
ಕೃಷ್ಣಾತೀರ ಅಕ್ಕಾ, ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ನೀವು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತೆ, ಬೇಜಾರು ಮಾಡ್ಕೋಬೇಡಿ. ಹೆಣ್ಣುಮಕ್ಕಳಿಗೆ ಸಮ ಪಾಲು ಕೊಟ್ಟಿದ್ದು ಆಂಧ್ರ 1985ರಿಂದ, ತಮಿಳುನಾಡು 1989ರಿಂದ, ಮಹಾರಾಷ್ಟ್ರ, ಕರ್ನಾಟಕ 1994ರಿಂದ. ಕೇರಳವಂತೂ 1975ರಲ್ಲೇ ಅವಿಭಕ್ತ ಕುಟುಂಬವನ್ನೇ ರದ್ದು ಮಾಡಿತು. ಈ ರಾಜ್ಯಗಳು ಮುಂದೆ ಹೋಗದಿದ್ದಿದ್ದರೆ 2005ರಲ್ಲಿ ದೆಹಲಿಗೆ ಬುದ್ಧಿ ಬರುತ್ತಿತ್ತಾ? ಮಾಹಿತಿ ಹಕ್ಕೂ ಅಷ್ಟೇ. ತಮಿಳುನಾಡು, ಗೋವಾ 1997ರಲ್ಲಿ ತಂದವು, ನಮ್ಮದು 2000ದ ಕಾಯ್ದೆ, ಕೇಂದ್ರದ್ದು 2005. ದೇವದಾಸಿ ಪದ್ಧತಿ ವಿರುದ್ಧ ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿತು. ಎಲ್ಲಾ ದೆಹಲಿಯಲ್ಲೇ ಆಗಬೇಕು ಅಂದರೆ ಅತಿ ನಿಧಾನದ ರಾಜ್ಯದ ನಡಿಗೆಯಲ್ಲೇ ನಾವೂ ನಡೀಬೇಕು.

ಮಲ ಹೊರೋದನ್ನೂ ಮೊದಲು ನಿಲ್ಲಿಸಹೊರಟಿದ್ದು ಯಾರು? 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪ. ಜನ ಅವರನ್ನ ಬೂಸಾ ಗಲಾಟೆಗೆ (ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ಎದ್ದದ್ದು) ನೆನೀತಾರೆ, ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ್ದಕ್ಕೆ ನೆನೆಯೋರು ಕಮ್ಮಿ. ಕೇಂದ್ರದ ಕಾಯ್ದೆಗಿಂತ ಎಷ್ಟು ವರ್ಷ ಮುಂಚೆ ಲೆಕ್ಕ ಹಾಕಿ.

ಬಯಲುಸೀಮೆ:
ಬಸವಲಿಂಗಪ್ಪನವರ ಹೆಸರು ಬಂದದ್ದು ಒಳ್ಳೇದಾಯ್ತು. ಆ ಆದೇಶ ಆದದ್ದು ಕರ್ನಾಟಕದಲ್ಲಿ. 1993ರಲ್ಲಿ ಮೊದಲು ನಿರ್ಣಯ ಕಳಿಸಿದ ಆರರಲ್ಲಿ ಕರ್ನಾಟಕ ಒಂದು. ಆಮೇಲೆ 2010ರ ಜುಲೈ. ಹಾವೇರಿ ಜಿಲ್ಲೆ ಸವಣೂರು. ಭಂಗಿ ಸಮುದಾಯದವರು, ತಮ್ಮ ಮನೆಗಳನ್ನ ಎಬ್ಬಿಸಬೇಡಿ ಅಂತ ಕೇಳಿ ಕೇಳಿ ಸಾಕಾಗಿ, ಪುರಸಭೆ ಎದುರು ಹಾಡಹಗಲು ಮೈಮೇಲೆ ಮಲ ಸುರಿದುಕೊಂಡರು. ಕರ್ನಾಟಕದಲ್ಲಿ ಈ ಪದ್ಧತಿ ಇನ್ನೂ ಇದೆಯಾ ಅಂತ ಬೆಂಗಳೂರಿನವರು ಬೆಚ್ಚಿಬಿದ್ದದ್ದು ಆವತ್ತು.

ಅಲ್ಲಿ ದೆಹಲಿ ಅಡ್ಡ ಬಂದಿರಲಿಲ್ಲ. ಆದೇಶ ನಮ್ಮದು, ನಿರ್ಣಯ ನಮ್ಮದು, ಪುರಸಭೆ ನಮ್ಮದು, ಪೊಲೀಸ್ ನಮ್ಮದು. ಹಾಗಾಗಿ, ರಾಜ್ಯ ಮುಂದೆ ಹೋಗಬಲ್ಲದು ಅನ್ನೋದನ್ನ ನಾನು ಅಲ್ಲಗಳೆಯಲ್ಲ. ಹೋಗದಿದ್ದರೆ, ಅಥವಾ ಹೋದ ಹಾಗೆ ಮಾಡಿ ಕೂತರೆ, ಆ ಮನುಷ್ಯನಿಗೆ ಒಕ್ಕೂಟ ಏನು ಕೊಡುತ್ತೆ? ನಾನು ಕೇಳ್ತಿರೋದು ಅಷ್ಟೇ.

ಸಾಗರದಾಚೆ:
ನಾನು ಇರೋದು ಟೆಕ್ಸಾಸ್‌ನಲ್ಲಿ, ಮೂಲ ತೀರ್ಥಹಳ್ಳಿ. ಇಲ್ಲಿನವರಿಗೆ ಈ ಜಗಳ ಇನ್ನೂರು ವರ್ಷದ್ದು. ಬಾಲ್ಟಿಮೋರ್‌ನ ಒಬ್ಬ ಹಡಗುಕಟ್ಟೆ ಮಾಲೀಕ ಕೋರ್ಟಿಗೆ ಹೋದ. ನಗರಸಭೆಯ ಕಾಮಗಾರಿಯಿಂದ ಮಣ್ಣು ಹೂಳು ಬಂದು ತುಂಬಿ, ಅವನ ಕಟ್ಟೆಗೆ ಹಡಗೇ ಬರೋ ಹಾಗಿರಲಿಲ್ಲ. ಸಂವಿಧಾನದ ಹಕ್ಕುಪಟ್ಟಿ ತೋರಿಸಿ ಪರಿಹಾರ ಕೇಳಿದ. ಆ ಪಟ್ಟಿ ಕಟ್ಟಿಹಾಕೋದು ಕೇಂದ್ರವನ್ನ ಮಾತ್ರ, ರಾಜ್ಯಗಳನ್ನಲ್ಲ ಅಂತ 1833ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿ ಕಳಿಸಿತು. ಅದು ಬದಲಾಗೋಕೆ ಒಂದು ಅಂತರ್ಯುದ್ಧ, 1868ರ 14ನೇ ತಿದ್ದುಪಡಿ, ಆಮೇಲೂ ಅರ್ಧ ಶತಮಾನಕ್ಕೂ ಮಿಕ್ಕಿದ ಕೋರ್ಟು ಅಲೆದಾಟ ಬೇಕಾಯ್ತು. 1957ರಲ್ಲಿ ಲಿಟಲ್ ರಾಕ್‌ನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳನ್ನ ಸೇರಿಸೋಕೆ ಅಧ್ಯಕ್ಷ ಐಸೆನ್‌ಹೋವರ್ ಸೇನೆ ಕಳಿಸಬೇಕಾಯ್ತು. ರಾಜ್ಯಪಾಲ ಅದೇ ಮಕ್ಕಳನ್ನ ತಡೆಯೋಕೆ ಗಾರ್ಡುಗಳನ್ನ ನಿಲ್ಲಿಸಿದ್ದ. (ಇಲ್ಲಿ ರಾಜ್ಯಪಾಲ ಅಂದ್ರೆ ಚುನಾಯಿತ ಮುಖ್ಯಸ್ಥ, ನಮ್ಮ ರಾಜಭವನದವರಲ್ಲ.)

2022ರ ಜೂನ್‌ನಿಂದ ಗರ್ಭಪಾತದ ವಿಷಯ ಮತ್ತೆ ರಾಜ್ಯಗಳ ಕೈಗೆ ಹೋಗಿದೆ. ಟೆಕ್ಸಾಸ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಷೇಧ, ಪಕ್ಕದ ನ್ಯೂ ಮೆಕ್ಸಿಕೋದಲ್ಲಿ ಕಾನೂನುಬದ್ಧ. ಕಾರು, ರಜೆ, ದುಡ್ಡು ಇದ್ದವಳಿಗೆ ಹಕ್ಕಿದೆ. ಇಲ್ಲದವಳಿಗೆ ಇಲ್ಲ. "ಇಷ್ಟವಿಲ್ಲದಿದ್ದರೆ ಬೇರೆ ರಾಜ್ಯಕ್ಕೆ ಹೋಗಿ" ಅನ್ನೋದು ಒಕ್ಕೂಟವಾದಿಗಳಿಗೆ ತುಂಬಾ ಪ್ರಿಯವಾದ ಮಾತು. ಅದು ಬಸ್ ಚಾರ್ಜು ಇದ್ದವರ ಮಾತು.

ಕರಿಕೋಟು:
ಒಂದು ವ್ಯತ್ಯಾಸ ಸೇರಿಸ್ತೀನಿ. ನಮ್ಮ ಮೂಲಭೂತ ಹಕ್ಕುಗಳು ಮೊದಲ ದಿನದಿಂದಲೂ ರಾಜ್ಯಗಳನ್ನೂ ಕಟ್ಟಿಹಾಕಿವೆ. ಹಕ್ಕುಗಳು ಯಾರನ್ನ ಕಟ್ಟಿಹಾಕುತ್ತವೆ ಅಂತ ಹೇಳೋ 12ನೇ ವಿಧಿಯ ವ್ಯಾಖ್ಯೆಯಲ್ಲಿ ಸ್ಥಳೀಯ ಸಂಸ್ಥೆಯೂ ಬಂತು. 17, 23ನೇ ವಿಧಿಗಳು (ಅಸ್ಪೃಶ್ಯತೆ, ಬಿಟ್ಟಿ ಚಾಕರಿ) ಖಾಸಗಿಯವರಿಗೂ ತಾಗುತ್ತವೆ. ನ್ಯಾಯಾಂಗವೂ ಒಂದೇ ಏಣಿ. ಆದ್ದರಿಂದ ನಮ್ಮಲ್ಲಿ ಹಕ್ಕು ಏನು ಅನ್ನೋ ತೀರ್ಮಾನ ದೇಶಕ್ಕೆಲ್ಲ ಒಂದೇ ಆಗುತ್ತೆ. ತೀರ್ಪು ಕೆಳಗಿಳಿದು ಬರುವಾಗ ಮೂವತ್ತು ದಾರಿ ಆಗುತ್ತೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಸುಧಾರಣೆಗೆ ಏಳು ನಿರ್ದೇಶನ ಕೊಟ್ಟಿದ್ದು 2006ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಎಷ್ಟೋ ರಾಜ್ಯಗಳು ಹೊಸ ಪೊಲೀಸ್ ಕಾಯ್ದೆ ಮಾಡಿಕೊಂಡವು, ನಿರ್ದೇಶನ ಪಾಲಿಸೋಕಲ್ಲ, ಅದರ ಹಲ್ಲು ಕೀಳೋಕೆ.

ತೆರಿಗೆಪಾವತಿದಾರ:
ಇದೆಲ್ಲ ಸರಿ, ಜಿಎಸ್‌ಟಿ ಪಾಲು ಸರಿಯಾಗಿ ಕೊಟ್ಟಿದ್ರೆ ರಾಜ್ಯಗಳು ಯಂತ್ರ ತಗೊಂಡು ಎಲ್ಲಾ ಚರಂಡಿ ಕ್ಲೀನ್ ಮಾಡ್ತಿದ್ವು. ಮೂಲ ಸಮಸ್ಯೆ ದುಡ್ಡು.

ನಿರ್ವಾಹಕ:
ಜಿಎಸ್‌ಟಿಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ.

ಕಿರಿಯ ಇಂಜಿನಿಯರು:
ಯಂತ್ರದ ಮಾತು ಬಂತು, ಅದಕ್ಕೆ ಉತ್ತರ ಕೊಟ್ಟು ಹೋಗ್ತೀನಿ. ಒಂದು ಪುರಸಭೆಯಲ್ಲಿ ಕೆಲಸ ಮಾಡಿದವನು, ಊರು ಕೇಳಬೇಡಿ.

ನೀರು ರಭಸವಾಗಿ ಚಿಮ್ಮಿಸಿ ಚರಂಡಿ ಬಿಡಿಸೋ ಜೆಟ್ಟಿಂಗ್ ಯಂತ್ರ ಒಂದಿತ್ತು. ಲಾರಿ ಹಳೇ ಪೇಟೆಯ ಗಲ್ಲಿಗೆ ನುಗ್ಗಲ್ಲ, ಪೈಪ್ ಅಲ್ಲಿಗೆ ಎಟುಕಲ್ಲ. ಮ್ಯಾನ್‌ಹೋಲ್ ಉಕ್ಕಿ ಮನೆ ಬಾಗಿಲಿಗೆ ಬಂದಾಗ ವಾರ್ಡ್ ಮೆಂಬರ್ ಫೋನ್ ಮಾಡೋದು ನಮಗೆ, ನಾವು ಮಾಡೋದು ಗುತ್ತಿಗೆದಾರನಿಗೆ. ಅವನು "ಬೆಳಗ್ಗೆ ಹೊತ್ತಿಗೆ ಆಗಿರುತ್ತೆ ಸಾರ್" ಅಂತಾನೆ. ಹೇಗೆ ಆಯ್ತು ಅಂತ ಯಾರೂ ಕೇಳಲ್ಲ. ಬಿದಿರು ಸೀಳಿನ ಕಡ್ಡಿ, ಬಕೆಟ್ಟು, ಹಗ್ಗ ಇಷ್ಟೇ ಅದರ ಉಪಕರಣ. ಬಿಲ್‌ನಲ್ಲಿ ಮಾತ್ರ "ಯಂತ್ರದ ಮೂಲಕ ಹೂಳು ತೆಗೆದ ಬಾಬ್ತು".

ಸಮೀಕ್ಷೆ ಇನ್ನೂ ಚೆಂದ. ನಮೂನೆ ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ಮುಖ್ಯಾಧಿಕಾರಿಗೆ, ಕೊನೆಗೆ ಆರೋಗ್ಯ ನಿರೀಕ್ಷಕರ ಟೇಬಲ್ಲಿಗೆ. "ನಿಮ್ಮ ವ್ಯಾಪ್ತಿಯಲ್ಲಿ ಮಲ ಹೊರುವವರು ಇದ್ದಾರೆಯೇ?" ಇದ್ದಾರೆ ಅಂತ ಬರೆದರೆ ಮುಂದಿನ ಪ್ರಶ್ನೆ, ಯಾರು ಕೆಲಸಕ್ಕೆ ಇಟ್ಟುಕೊಂಡವರು? ಉತ್ತರ ನಾವೇ. ತನ್ನ ಮೇಲೆ ತಾನೇ ಎಫ್‌ಐಆರ್ ಬರೆದುಕೊಳ್ಳೋ ನೌಕರನನ್ನ ನಾನಂತೂ ಕಂಡಿಲ್ಲ. ಆದ್ದರಿಂದ "ಶೂನ್ಯ". ಎಲ್ಲಾ ಊರಿನ ಶೂನ್ಯ ಕೂಡಿಸಿದರೆ ಜಿಲ್ಲೆ ಶೂನ್ಯ, ರಾಜ್ಯ ಶೂನ್ಯ. ಆ ಶೂನ್ಯವೇ ಪ್ರಮಾಣಪತ್ರವಾಗಿ ಕೋರ್ಟಿಗೆ ಹೋಗುತ್ತೆ.

ಕರಿಕೋಟು:
ಕೋರ್ಟಿನಲ್ಲೂ ಹಾಗೇ ಆಗಿದ್ದು. ಮಲ ಹೊರುವ ಪದ್ಧತಿ ವಿರುದ್ಧ ಹೋರಾಡೋ ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ರಾಜ್ಯಗಳು ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ಪ್ರಮಾಣಪತ್ರ ಹಾಕಿದವು. ಇವರು ತಾವೇ ಊರೂರು ಸುತ್ತಿ ಫೋಟೋ ಸಮೇತ ಪುರಾವೆ ತಂದು ಎದುರು ಇಟ್ಟರು. ತೀರ್ಪು ಬಂದದ್ದು 2014ರ ಮಾರ್ಚ್ 27ಕ್ಕೆ. 1993ರಿಂದ ಒಳಚರಂಡಿಯಲ್ಲಿ ಸತ್ತ ಎಲ್ಲರ ಕುಟುಂಬಕ್ಕೂ 10 ಲಕ್ಷ ಕೊಡಿ ಅಂತ ಆದೇಶ ಆಯ್ತು. ಅಷ್ಟರಲ್ಲಿ ಸಂಸತ್ತು 2013ರ ಹೊಸ ಕಾಯ್ದೆ ಮಾಡಿತ್ತು. ಈ ಸಲ ರಾಜ್ಯಗಳ ನಿರ್ಣಯಕ್ಕೆ ಕಾಯಲಿಲ್ಲ, ಆಗ ಜಮ್ಮು ಕಾಶ್ಮೀರ ಬಿಟ್ಟು ಎಲ್ಲಾ ಕಡೆ ಒಟ್ಟಿಗೇ ಅನ್ವಯ ಆಯ್ತು. ಕಕ್ಕಸು ಬಿಟ್ಟು ಮನುಷ್ಯನನ್ನ ನೋಡಿದರೆ ಇಷ್ಟು ಸುಲಭ ಇತ್ತು, ಇಪ್ಪತ್ತು ವರ್ಷ ಹಿಡೀತು.

ಏಕೀಕರಣ56:
ಅಂದ್ರೆ ಕೊನೆಗೆ ಜಾರಿ ಮಾಡಬೇಕಾದ್ದು ಅದೇ ಜಿಲ್ಲಾಧಿಕಾರಿ, ಅದೇ ಪುರಸಭೆ. ದೆಹಲಿ ಕಾಯ್ದೆ ಬಂದು ಹತ್ತು ವರ್ಷ ದಾಟಿದರೂ ಜನ ಮ್ಯಾನ್‌ಹೋಲ್‌ನಲ್ಲಿ ಸಾಯ್ತಾನೇ ಇದ್ದಾರೆ. ಒಕ್ಕೂಟದ ಮಿತಿ ಅಂತ ಬೈದಿರಿ, ಕೇಂದ್ರೀಕರಣದ ಮಿತಿಯನ್ನೂ ಬರೆದುಕೊಳ್ಳಿ. ಕಾಯ್ದೆ ಎಲ್ಲಿ ಮಾಡಿದರೂ ಸತ್ತವನ ಜಾತಿ ಬದಲಾಗಲಿಲ್ಲ.

ಬಯಲುಸೀಮೆ:
ಬರೆದುಕೊಂಡೆ. ಆದರೂ ಒಂದು ಫರಕು ಉಳಿಯುತ್ತೆ. 1993ರ ದಾರಿಯಲ್ಲಿ, ಅಂಗೀಕರಿಸದ ರಾಜ್ಯದಲ್ಲಿದ್ದವನಿಗೆ ಆ ಕಾಯ್ದೆ ಹಿಡಿದು ಕೋರ್ಟಿಗೆ ಹೋಗೋ ಅವಕಾಶವೇ ಇರಲಿಲ್ಲ. ಈಗ ಪುರಸಭೆ ಸುಳ್ಳು ಹೇಳಿದರೆ ಸುಳ್ಳು ಅಂತ ಸಾಬೀತು ಮಾಡೋಕಾದರೂ ಒಂದು ಕಟಕಟೆ ಇದೆ. ತೆರಿಗೆ, ಭಾಷೆ, ನೀರಾವರಿ, ಶಾಲೆಯ ಪಠ್ಯ ಎಲ್ಲಾ ನಮ್ಮ ಕೈಯಲ್ಲಿರಲಿ, ಅದಕ್ಕೆ ಬೇಕಾದರೆ ನಿಮ್ಮ ಜೊತೆ ಬೀದಿಗಿಳೀತೀನಿ. ಯಾರನ್ನ ಮನುಷ್ಯ ಅಂತ ಲೆಕ್ಕ ಹಿಡಿಯಬೇಕು ಅನ್ನೋದು ಮಾತ್ರ ಯಾವ ವಿಧಾನಸಭೆಯ ಐಚ್ಛಿಕ ವಿಷಯವೂ ಆಗಬಾರದು, ನಮ್ಮದೂ ಸೇರಿ.

ಹೊಸ ಸದಸ್ಯ:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ತಾಲೂಕಿನಲ್ಲಿ ಒಂದು ಖಾಸಗಿ ಕಟ್ಟಡದ ಕಕ್ಕಸು ಪಿಟ್‌ಗೆ ಇಳಿದ ಇಬ್ಬರು ಉಸಿರುಗಟ್ಟಿ ಸತ್ತರು. ಒಬ್ಬರು ನಮಗೆ ದೂರದ ಸಂಬಂಧ. ಠಾಣೆಯಲ್ಲಿ ಯುಡಿಆರ್ ಅಂತ ಬರೆದು ಕಳಿಸಿದ್ದಾರೆ. ಮಾಲೀಕರು ಎರಡು ಲಕ್ಷ ಕೊಡ್ತೀವಿ, ಮುಗಿಸಿಬಿಡಿ ಅಂತಿದ್ದಾರೆ. ಖಾಸಗಿ ಜಾಗ ಆದ್ದರಿಂದ ಸರ್ಕಾರಕ್ಕೆ ಸಂಬಂಧ ಇಲ್ಲವಂತೆ. ಹೌದಾ ಸಾರ್?

ಕರಿಕೋಟು:
ಅಲ್ಲ. ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ. ಕಾಯ್ದೆ ಖಾಸಗಿಯವರಿಗೂ ಅನ್ವಯ ಆಗುತ್ತೆ. ರಕ್ಷಣಾ ಸಾಧನ ಇಲ್ಲದೆ ಪಿಟ್‌ಗೆ ಇಳಿಸಿದ್ದು 2013ರ ಕಾಯ್ದೆಯ 7ನೇ ಸೆಕ್ಷನ್ ಉಲ್ಲಂಘನೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ. ಯುಡಿಆರ್ ಅಂದರೆ ಅಸಹಜ ಸಾವು ಅಂತ ದಾಖಲೆ ಅಷ್ಟೇ, ಅದರಲ್ಲಿ ಆರೋಪಿಯೇ ಇರಲ್ಲ. ಮೊದಲು ಅದು ಎಫ್‌ಐಆರ್ ಆಗಬೇಕು. ಯಾರು ಕರೆದರು, ಎಷ್ಟು ಕೂಲಿ ಮಾತಾಡಿದರು, ಹಗ್ಗ ಮಾಸ್ಕ್ ಏನಾದರೂ ಕೊಟ್ಟರಾ, ಇದನ್ನೆಲ್ಲ ಬರೆದು ಠಾಣೆಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ತಗೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಸತ್ತವರು ಪರಿಶಿಷ್ಟ ಜಾತಿಯವರಾದರೆ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತೆ, ಆಗ ತನಿಖೆ ಡಿವೈಎಸ್‌ಪಿ ಮಾಡಬೇಕು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಒಂದು ಪ್ರತಿ ಹಾಕಿ.

ಪರಿಹಾರ ಬೇರೆ ಅರ್ಜಿ, ಜಿಲ್ಲಾಧಿಕಾರಿಗೆ. 2023ರ ಅಕ್ಟೋಬರ್ 20ರ ಸುಪ್ರೀಂ ಕೋರ್ಟ್ ತೀರ್ಪು ಒಳಚರಂಡಿ ಸಾವಿಗೆ ಪರಿಹಾರವನ್ನ 30 ಲಕ್ಷಕ್ಕೆ ಏರಿಸಿದೆ. ಅರ್ಜಿಯಲ್ಲಿ ಆ ತೀರ್ಪನ್ನ ಉಲ್ಲೇಖಿಸಿ, ಖಾಸಗಿ ಜಾಗ ಅಂತ ತಳ್ಳಿಹಾಕಿದರೆ ಆ ಮಾತನ್ನ ಬರವಣಿಗೆಯಲ್ಲಿ ಕೇಳಿ. ವಕೀಲರಿಗೆ ದುಡ್ಡಿಲ್ಲ ಅಂದರೆ ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ. ನೀವು ಯಾವ ಜಿಲ್ಲೆ? ಧಾರವಾಡ ಪೀಠದ ವ್ಯಾಪ್ತಿಯಾದರೆ ಖಾಸಗಿ ಸಂದೇಶ ಹಾಕಿ.

ಕಿರಿಯ ಇಂಜಿನಿಯರು:
ಆ ಕಟ್ಟಡಕ್ಕೆ ಪುರಸಭೆಯಿಂದ ಯುಜಿಡಿ (ಒಳಚರಂಡಿ) ಸಂಪರ್ಕ ಇತ್ತಾ, ಪಿಟ್ ಖಾಲಿ ಮಾಡೋಕೆ ಅವರು ಅರ್ಜಿ ಕೊಟ್ಟಿದ್ದರಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಪಿಟ್ ಖಾಲಿ ಮಾಡೋ ಸಕ್ಕಿಂಗ್ ಯಂತ್ರದ ಲಾಗ್‌ಬುಕ್ ನಕಲನ್ನೂ ಕೇಳಿ, ಆ ತಿಂಗಳು ಪೂರ್ತಿ. ತಡ ಮಾಡಬೇಡಿ, ಆ ಪುಸ್ತಕ ಬೇಗ ಕಳೆದುಹೋಗುತ್ತೆ.